ಇಪ್ಪತ್ತೆರಡನೆಯ ಜಡೆ

"ಎಡಗಿವಿ ಹಿಂದಿನ ಜಡೆ ಒಂದನ್ನ ಮಾತ್ರ ಮುಟ್ಟಬೇಡಿ, ಎನಿಡ್," ಎಂದಳು ಬ್ರೊನಿ. ನಾಯಿಯನ್ನು ಮೇಜಿನ ಮೇಲೆ ಹತ್ತಿಸಿ ಆಗಿತ್ತು. ಅದರ ಹಗ್ಗವನ್ನು ಅವಳಿನ್ನೂ ಕೈಬಿಟ್ಟಿರಲಿಲ್ಲ. "ಟೆಸ್ಸಾ ಹಾಕಿದ ಕೊನೇ ಜಡೆ ಅದು. ಮಾರನೇ ದಿನಾನೇ ನಮ್ಮ ಕೆರೇಲಿ… ಇವತ್ತಿಗೆ ಇಪ್ಪತ್ತೆರಡು ಶನಿವಾರ. ಅದೂ ಹೋದ್ರೆ ನನ್ನ ಮಗಳ ಕೈ ಮಾಡಿದ್ದು ಅಂತ ಈ ಭೂಮಿ ಮೇಲೆ ಏನೂ ಉಳಿಯಲ್ಲ."

ಊರಿನ ನಾಯಿಗಳ ಕೂದಲು ಕತ್ತರಿಸುವ ಎನಿಡ್ ತಲೆಯಾಡಿಸಿ, ನಾಯಿ ಡ್ಯಾಂಪರನ ಬೆನ್ನಿನೊಳಗೆ ಬೆರಳಿಳಿಸಲು ನೋಡಿದಳು. ಇಳಿಯಲಿಲ್ಲ. ಅವನದು ಮಿಶ್ರ ತಳಿ, ಲ್ಯಾಬ್ರಡಾರ್ ಮೈ, ಪೂಡಲ್ ನಾಯಿಯ ಗುಂಗುರು ಕೂದಲು. ಬಣ್ಣ ಕೆಂಡದಲ್ಲಿ ಸುಟ್ಟ ರೊಟ್ಟಿಯದು. ಆ ಕೂದಲು ಉದುರುವುದಿಲ್ಲ, ಮನುಷ್ಯರ ತಲೆಗೂದಲಿನಂತೆ ಬೆಳೆಯುತ್ತಲೇ ಹೋಗುತ್ತದೆ. ಐದು ತಿಂಗಳು ಬಾಚಣಿಗೆ ಕಾಣದೆ ಸಿಕ್ಕುಗಟ್ಟಿ, ಮೈಗೆ ಹೊಲಿದ ಕಂಬಳಿಯಂತಾಗಿತ್ತು. ಅಡಿಯಲ್ಲಿ ಚರ್ಮ ಹುಣ್ಣಾಗುತ್ತಿದೆ, ಬೋಳಿಸದೆ ಗತಿಯಿಲ್ಲ ಎಂದು ಪಶುವೈದ್ಯರೇ ಹೇಳಿ ಕಳಿಸಿದ್ದರು.

"ಏನೋ ಡ್ಯಾಂಪರ್, ಕುರಿ ಆಗೋಕೆ ಹೊರಟಿದ್ಯಾ? ನಮ್ಮಪ್ಪ ಬದುಕಿದ್ದಿದ್ರೆ ನಿನ್ನ ಉಣ್ಣೇನೂ ಮೂಟೆ ಕಟ್ಟಿ ಮಾರಿಬಿಡ್ತಿದ್ದ." ನಾಯಿ ಬಾಲ ಆಡಿಸಿತು. ಬ್ರೊನಿ ನಗಲಿಲ್ಲ. ಎನಿಡ್ ದನಿ ತಗ್ಗಿಸಿದಳು. "ಒಂದು ಸಲನಾದ್ರೂ ಬಾಚಬಾರದಿತ್ತೇನೇ?"

"ಬಾಚಣಿಗೆ ಎತ್ತಿ ಬೀರು ಮೇಲಿಟ್ಟುಬಿಟ್ಟೆ. ಇಬ್ಬರು ನೀರಿಗಿಳಿದ್ರು, ಮೇಲೆ ಬಂದವನು ಇವನೊಬ್ಬನೇ. ಊಟ ಹಾಕ್ತೀನಿ, ಮೈ ಮುಟ್ಟೋಕೆ ಕೈ ಬರಲ್ಲ. ಅವಳ ಕೋಣೇಲೇ ಬಿದ್ದಿರ್ತಾನೆ. ಬಾಗಿಲು ಹಾಕಿದ್ರೆ ಅಳ್ತಾನೆ."

"ಮನೇಲಿ ಬೇರೆ ಯಾರೂ…"

"ಯಾರಿದ್ದಾರೆ ಹೇಳಿ? ನಾನೊಬ್ಬಳು, ಇವನೊಬ್ಬ."

ಎನಿಡ್‌ಗೆ ಕೆಲಸದ ಹೊತ್ತಿನಲ್ಲಿ ಬಾಯಲ್ಲಿ ಬೈಬಲಿನ ದಾವೀದನ ಕೀರ್ತನೆ ಇರಬೇಕು. ಆ ಲಯಕ್ಕೆ ಎಂಥ ನಾಯಿಯೂ ತಣ್ಣಗಾಗುತ್ತದೆ. ಶನಿವಾರ ಶನಿವಾರ ಟೆಸ್ಸಾ ಬಂದು ಈ ತಗಡಿನ ಶೆಡ್ಡಿನ ಮೂಲೆಯ ಗಿಡ್ಡ ಮಣೆಯ ಮೇಲೆ ಕೂತು ಅದನ್ನೇ ಕೇಳುತ್ತ, ಹಿಂದಿನ ವಾರದ ಜಡೆ ಬಿಚ್ಚಿ, ಡ್ಯಾಂಪರನಿಗೊಂದು ಹೊಸ ಜಡೆ ಹಾಕುತ್ತಿದ್ದಳು. ಮೂರೆಳೆಯ ಹೆಣಿಗೆ ಕಲಿಸಿದವಳು ಎನಿಡ್. ಮೂರನೆಯ ಸುತ್ತಿನಲ್ಲಿ ಹುಡುಗಿ ಪ್ರತಿ ಸಲವೂ ಎಳೆ ತಪ್ಪಿಸಿ ಒಂದು ಗಂಟು ಮಾಡುತ್ತಿದ್ದಳು. "ನನ್ನ ಜಡೆ ಹೀಗೇ ಇರೋದು, ಅಜ್ಜಿ!" ಎಂದು ನಾಲಗೆ ಚಾಚುತ್ತಿದ್ದಳು.

ಎಡಗಿವಿಯ ಹಿಂದೆ ಎಣ್ಣೆ ಹಚ್ಚಿ, ಸಿಕ್ಕನ್ನು ಎಳೆ ಎಳೆಯಾಗಿ ಬಿಡಿಸಿದಾಗ ಜಡೆ ಸಿಕ್ಕಿತು. ಮೂರನೆಯ ಸುತ್ತಿನಲ್ಲಿ ಗಂಟು. ಅದರ ಕೆಳಗೇ ಹಸಿ ಹುಣ್ಣು.

"ನೋಡಿಲ್ಲಿ ಬ್ರೊನಿ. ಹಾಕಿದಾಗ ಇದು ಚರ್ಮಕ್ಕೆ ಅಂಟಿಕೊಂಡಿತ್ತು. ಈಗ ಎರಡು ಬೆರಳು ದೂರ ಬಂದಿದೆ. ಬುಡದಲ್ಲಿರೋದೆಲ್ಲ ಅವಳು ಹೋದ ಮೇಲೆ ಬೆಳೆದಿದ್ದು. ಇಲ್ಲೇ ಬಿಟ್ಟರೆ ಹುಣ್ಣು ಮಾಯಲ್ಲ. ಕತ್ತರಿಸಿ ಕೊಡಲಾ?"

ಬ್ರೊನಿ ಹಗ್ಗವನ್ನು ಕೈಬಿಟ್ಟಳು. ಆಮೇಲೆ ಕರವಸ್ತ್ರ ಬಿಚ್ಚಿ ಎರಡೂ ಅಂಗೈ ಮೇಲೆ ಹರಡಿ ಹಿಡಿದಳು. ಕತ್ತರಿ ಒಮ್ಮೆ ಕಚ್ಚಿತು. ಅವಳು ಜಡೆಯನ್ನು ಅದರಲ್ಲಿ ಮಡಿಚಿ ಎದೆಗೊತ್ತಿಕೊಂಡು, ಮಿಕ್ಕಿದ್ದನ್ನು ನೋಡಲಾರದೆ ಹೊರಗೆ ಕಾರಿನ ಬಳಿ ಹೋಗಿ ನಿಂತಳು.

ಎನಿಡ್ ಮೆಷಿನ್ ಹಚ್ಚಿದಳು. ಸಿಕ್ಕುಗಟ್ಟಿದ ಕೂದಲು ಕುರಿಯ ಉಣ್ಣೆಯ ಹಾಗೆ ಒಂದೇ ಹಾಸಾಗಿ ಬಿಟ್ಟುಕೊಂಡಿತು. ಡ್ಯಾಂಪರ್ ಬಡಕಲಾಗಿ, ಎಳಸಾಗಿ, ನಡುಗುತ್ತ ಕೆಳಗಿಳಿದ. ಅವಳು ಆ ಹಾಸನ್ನು ಸುರುಳಿ ಸುತ್ತಲೆಂದು ಮಗುಚಿದಳು. ಬಾಯಲ್ಲಿದ್ದ ಕೀರ್ತನೆ ಸಾಲಿನ ನಡುವೆ ನಿಂತಿತು.

ಒಳಮೈಯಲ್ಲಿ, ಕಿವಿಯ ಜಾಗದಿಂದ ಬೆನ್ನಿನುದ್ದಕ್ಕೆ, ಸಾಲಾಗಿ ಜಡೆಗಳಿದ್ದವು. ಮೊದಲಿನವು ಸಿಕ್ಕಿನ ಆಳದಲ್ಲಿ ಹೂತಿದ್ದವು, ಚರ್ಮದಿಂದ ಎರಡು ಬೆರಳು ದೂರ. ಮುಂದಿನದು ಒಂದಿಷ್ಟು ಹತ್ತಿರ. ಅದರ ಮುಂದಿನದು ಇನ್ನಿಷ್ಟು. ಒಂದೊಂದರ ಮೂರನೆಯ ಸುತ್ತಿನಲ್ಲೂ ಗಂಟು. ಎನಿಡ್ ಬೆರಳಿಟ್ಟು ಎಣಿಸಿದಳು. ಇಪ್ಪತ್ತೊಂದು. ಕೊನೆಯಲ್ಲಿ ಇನ್ನೊಂದಿತ್ತು, ಈಗಷ್ಟೇ ಹಿಡಿದಂತೆ ಬುಡಕ್ಕೇ ಬಿಗಿದದ್ದು. ಅದು ಎರಡೇ ಸುತ್ತು ಬಂದಿತ್ತು. ಮೂರನೆಯ ಎಳೆ ಹಾಗೇ ಬಿಡಿಯಾಗಿ ನೇತಾಡುತ್ತಿತ್ತು.

ನಾಯಿಯ ಚಳಿ ಅಂಗಿ ಹಿಡಿದು ಒಳಬಂದ ಬ್ರೊನಿ ಮೇಜಿನ ಮೇಲಿನದನ್ನು ನೋಡಿದಳು. ಮುಟ್ಟಿದಳು. ಅವಳ ಬೆರಳು ಒಂದು ಗಂಟಿನಿಂದ ಇನ್ನೊಂದಕ್ಕೆ ಹೋಗುತ್ತ ಹೋಗುತ್ತ ಮುಗಿಯದ ಜಡೆಯ ಬಳಿ ನಿಂತಿತು.

"ಬೆಳಿಗ್ಗೆ… ಕೋಣೆಯಿಂದ ಎಳ್ಕೊಂಡು ಬರಬೇಕಾಯ್ತು," ಎಂದಳು. "ಏಳ್ತಾನೇ ಇರಲಿಲ್ಲ. ಅಲ್ಲಾಡದೆ ಕೂತಿದ್ದ. ನಾನು ಬೈದೆ."

ಡ್ಯಾಂಪರ್ ಆಗಲೇ ಮೂಲೆ ಸೇರಿದ್ದ. ಗಿಡ್ಡ ಮಣೆಗೆ ಒತ್ತಿ ಕೂತು, ಎಡಗಿವಿ ವಾಲಿಸಿ, ಉಸಿರು ಬಿಗಿಹಿಡಿದಿದ್ದ.

"ಡ್ಯಾಂಪರ್, ಬಾರೋ…"

"ಕರೀಬೇಡ ಕಣೇ," ಎಂದಳು ಎನಿಡ್, ಅವಳ ಮೊಣಕೈ ಹಿಡಿದು. "ಇವತ್ತು ಶನಿವಾರ."

ಮಣೆಯ ಮೇಲೆ ಯಾರೂ ಇರಲಿಲ್ಲ. ನಾಯಿಯ ಕಿವಿಯ ಹಿಂದೆ, ಒಂದು ಕೂದಲೂ ಉಳಿಯದ ಆ ಗುಲಾಬಿ ಚರ್ಮ ಮೆಲ್ಲಗೆ ಚಿವುಟಿದಂತೆ ಮೇಲೆದ್ದು ಬಿತ್ತು. ಸ್ವಲ್ಪ ಈಚೆ ಇನ್ನೊಮ್ಮೆ ಎದ್ದಿತು. ಆಮೇಲೆ ಇನ್ನೂ ಸ್ವಲ್ಪ ಈಚೆ, ಹಿಡಿಯಲು ಏನಾದರೂ ಸಿಕ್ಕೀತೇ ಎಂದು ಹುಡುಕುವ ಹಾಗೆ.