ಮೇಲೂರಿನ ನೆರಳು

ಹುಬ್ಬಳ್ಳಿಯ ಸಿರಿವಂತರ ಬಡಾವಣೆ ನೆಲ ಬಿಟ್ಟು ಆಕಾಶಕ್ಕೇರಿ ನಿಂತು ಒಂಬತ್ತು ವರ್ಷವಾಗಿತ್ತು. ನಾವೆಲ್ಲ ಅದನ್ನು ಮೇಲೂರು ಎನ್ನುತ್ತಿದ್ದೆವು.

ಸೈನ್ಯದಿಂದ ನಿವೃತ್ತನಾದ ಮೇಲೆ ನಾನು ಸಂಜೆ ತರಗತಿಯಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದೆ. ಪರೀಕ್ಷೆಗೆಂದು ಮೇಲಿನಿಂದ ನೋಡಿ ಊರಿನ ನಕಾಶೆ ಬರೆದೆ. ಮೇಲೂರಿನ ನೆರಳಲ್ಲಿ ಮಧ್ಯಾಹ್ನವೂ ಬಿಸಿಲು ಕಾಣದ ಓಣಿಗಳಿಗೆ ಕಪ್ಪು ಪೆನ್ಸಿಲ್ ತೀಡಿದೆ. ತಪ್ಪಾದೀತೆಂದು ಅಂಜಿ ಮೂರು ಸಲ ಅಳೆದಿದ್ದೆ.

“ಹವಾಲ್ದಾರ್ರ, ನಕಾಶೆದಾಗ ನೆರಳ್ಯಾಕ್ರೀ? ಅಳಿಸ್ರಿ. ಇಲ್ಲಾಂದ್ರ ಲೈಸೆನ್ಸ್ ಇಲ್ಲ,” ಎಂದು ಪರೀಕ್ಷಕ ಬೆಂಡಿಗೇರಿ ಸರ್ ರಬ್ಬರ್ ಮುಂದಿಟ್ಟರು.

ಕೈಗೆತ್ತಿಕೊಂಡೆ. ಮೊದಲು ಸಿಕ್ಕಿದ್ದು ನಮ್ಮದೇ ಓಣಿ. ಅಲ್ಲಿಂದ ನನ್ನ ಹೆಂಡತಿ ಚೆನ್ನವ್ವ ಸಂಡಿಗೆ ಒಣಗಿಸಲು ತಟ್ಟೆ ಹೊತ್ತು, ನಾಲ್ಕು ಓಣಿ ದಾಟಿ ಬೇರೆಯವರ ಮಾಳಿಗೆ ಹತ್ತುತ್ತಾಳೆ.

“ಮೇಲೂರು ಪಕ್ಕಕ್ಕ ಸರೀಲಿ ಸರ, ಆಮ್ಯಾಲೆ ಅಳಿಸ್ತೀನಿ,” ಎಂದು ರಬ್ಬರ್ ತಿರುಗಿ ಅವರ ಮುಂದಿಟ್ಟೆ.

ಅವರು ನಾಪಾಸು ಎಂದು ಬರೆದರು. ಮುಂದಿನ ವರ್ಷದ ಅರ್ಜಿಯನ್ನು ನಾನು ಅಲ್ಲೇ ತುಂಬಿದೆ.