ನನಗೂ ಒಬ್ಬ ಬಂದ

ನಮ್ಮ ಕಡಲ ಸಂಶೋಧನಾ ಕಚೇರಿಯಲ್ಲಿ ಯಾರ ಕೆಲಸ ದೊಡ್ಡದು ಅಂತ ತೀರ್ಮಾನಿಸುವುದು ಶತ್ರುದೇಶ. ಯಾರ ಗುಟ್ಟು ಬೇಕೋ ಅವರನ್ನು ಮರುಳು ಮಾಡಲು ಅಲ್ಲಿಂದ ಒಬ್ಬ ಚೆಲುವ ಇಲ್ಲವೇ ಚೆಲುವೆ ಬರುತ್ತಾರೆ. ಬಂದವರನ್ನು ಹಿಡಿದುಕೊಟ್ಟರೆ ಬಡ್ತಿ. ನಾಡಕರ್ಣಿ ಸಾಹೇಬರಿಗೆ ಮೂವರು ಬಂದಿದ್ದರು. ಮೀನಿನ ಹಾದಿ ನೋಡಿ ಜಲಾಂತರ್ಗಾಮಿ ಪತ್ತೆ ಮಾಡುವ ಸೂತ್ರ ಬರೆದು ಹತ್ತೊಂಬತ್ತು ವರ್ಷವಾದರೂ ನನಗೆ ಒಬ್ಬನೂ ಇಲ್ಲ.

"ರುಕ್ಮಾಬಾಯಿ, ನಿಮ್ಮ ಸೂತ್ರ ಕದೀಲಿಕ್ಕೂ ಯಾರೂ ಬರೂದಿಲ್ಲ," ಅಂತ ಸಾಹೇಬರು ನನ್ನ ಫೈಲನ್ನು ಕಿಟಕಿ ಬಡಿಯದಂತೆ ಅದರ ಸಂದಿಗೆ ಒತ್ತಿಟ್ಟಿದ್ದರು.

ಇವತ್ತು ಬೆಳಿಗ್ಗೆ ಕಾರವಾರದ ಮೀನುಪೇಟೆಯಲ್ಲಿ ಬಂಗಡೆ ಆರಿಸುತ್ತಿದ್ದೆ. ಸಿನಿಮಾ ನಟನಂಥ ಒಬ್ಬ ಅಬ್ಬಲಿಗೆ ಹೂವಿನ ದಂಡೆ ಚಾಚಿ, "ನಿಮ್ಮ ಕಣ್ಣಲ್ಲಿ ಕಡಲೇ ಇದೆ," ಅಂದ.

ಐವತ್ತಮೂರರ ನನ್ನ ಕಣ್ಣಲ್ಲಿರುವುದು ಪೊರೆ. ಆದರೂ ಎದೆ ಕುಣಿಯಿತು. ದಂಡೆ ಮುಡಿದು, "ಬನ್ನಿ, ನನ್ನ ಕಚೇರಿ ತೋರಿಸ್ತೇನೆ," ಅಂದೆ. ಅವನು ಖುಷಿಯಿಂದ ಬಂದ. ನೇರ ಒಯ್ದು ಸಾಹೇಬರ ಮುಂದೆ ನಿಲ್ಲಿಸಿದೆ.

"ನಿಮ್ಮ ಮೂವರಲ್ಲಿ ಇಷ್ಟು ಚೆಂದದವರು ಯಾರಾದರೂ ಇದ್ದರಾ, ಸಾಹೇಬರೇ?"

ಕಾವಲಿನವರು ಅವನನ್ನು ಕರೆದೊಯ್ದರು. ಸಾಹೇಬರು ಎದ್ದು, ಕಿಟಕಿಯಿಂದ ನನ್ನ ಫೈಲು ತೆಗೆದು, ಧೂಳು ಒರೆಸಿ, ತಿಜೋರಿಯಲ್ಲಿಟ್ಟು ಬೀಗ ಹಾಕಿದರು.

ಹಿಂದೆ ಕಿಟಕಿ ಧಡಾರನೆ ಬಡಿಯಿತು.