ಹಾರಿಸಿದ ಪ್ಯಾರಾ

ಊರ ಸಭೆಯಲ್ಲಿ ಕಾಡಿನ ಕಾರ್ಯಯೋಜನೆಯ ತಿದ್ದುಪಡಿಗಳನ್ನು ಓದುತ್ತಿದ್ದ ಅರಣ್ಯಾಧಿಕಾರಿ ಒಂದು ಪ್ಯಾರಾ ಹಾರಿಸಿದಳು. ಬೇಕೆಂದೇ ಹಾರಿಸಿದಳು. ಹಳ್ಳದ ದಂಡೆಯ ವಿಷಯ ಬಂದಾಗ ಹಳೆಯದನ್ನು ಬಿಟ್ಟು, "ಎರಡೂ ದಂಡೆಗಳಲ್ಲಿರುವ ನೀಲಗಿರಿ ಮರಗಳನ್ನು ಹಂತಹಂತವಾಗಿ ತೆಗೆದು..." ಎಂದು ನೇರ ಹೊಸದಕ್ಕೇ ಕೈಹಾಕಿದಳು. ಎದುರಿಗೆ ಎರಡನೇ ಸಾಲಿನ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಅಪ್ಪ ಕೂತಿದ್ದರು. ಅವರೂ ಒಂದು ಕಾಲದಲ್ಲಿ ಅದೇ ಹುದ್ದೆಯಲ್ಲಿದ್ದವರು. ಆ ಹಳೆಯ ಪ್ಯಾರಾ ಬರೆದವರು ಅವರೇ.

ಆ ಸಭೆಗೊಂದು ಕಟ್ಟಳೆ ಇತ್ತು. ಕಾಡಿನ ಕಾರ್ಯಯೋಜನೆ ಊರವರೆಲ್ಲರದು. ಅದರಲ್ಲಿ ಏನನ್ನೇ ತಿದ್ದುವುದಾದರೂ ಮೊದಲು ಹಳೆಯದನ್ನು, ಬರೆದವರ ಹೆಸರಿನೊಂದಿಗೆ, ಊರವರೆದುರು ಪೂರ್ತಿ ಓದಬೇಕು. ಆಮೇಲೆ ಹೊಸದು, ಆಮೇಲೆ ಕೈ ಎತ್ತಿಸುವುದು. ಏನನ್ನು ಬಿಡುತ್ತಿದ್ದೇನೆಂದು ತಿಳಿಯದವನಿಗೆ ಏನನ್ನು ಹಿಡಿಯುತ್ತಿದ್ದೇನೆಂಬುದೂ ತಿಳಿಯುವುದಿಲ್ಲ ಎಂಬುದು ಹಿರಿಯರ ತರ್ಕ. ಓದು ತಪ್ಪಿದರೆ ತಿದ್ದುಪಡಿ ಬಿದ್ದಂತೆಯೇ. ಮುಂದಿನ ಸರದಿಗೆ ಹತ್ತು ವರ್ಷ ಕಾಯಬೇಕು. ಅಲ್ಲಿಯವರೆಗೆ ಹಳೆಯದೇ ಕಾಯಂ.

ಮಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅಪ್ಪನನ್ನು ಊರು ಇಂದಿಗೂ, ಬೆನ್ನ ಹಿಂದೆ, 'ನೀಲಗಿರಿ ಸಾಹೇಬರು' ಎಂದೇ ಕರೆಯುತ್ತಿತ್ತು. ಅವರು ನೆಡಿಸಿದ ಮರಗಳು ನೆಟ್ಟಗೆ ಬೆಳೆದಿದ್ದವು, ಹಳ್ಳ ಬತ್ತಿತ್ತು. ತುಂಬಿದ ಸಭೆಯಲ್ಲಿ ಅಪ್ಪನ ಹೆಸರು ಹೇಳಿ ಆ ಸಾಲುಗಳನ್ನು ಓದಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಬೆಳಿಗ್ಗೆ ಅವರು, "ಇವತ್ತು ಏನೇನು ತಿದ್ತೀಯಮ್ಮಾ?" ಎಂದು ಕೇಳಿದಾಗಲೂ, "ಏನೋ ಚಿಕ್ಕಪುಟ್ಟದ್ದು ಅಪ್ಪಾ," ಎಂದು ಜಾರಿಕೊಂಡಿದ್ದಳು.

ಹಾರಿಸಿದ್ದನ್ನು ಗಮನಿಸಿದವರು ಇಬ್ಬರೇ. ಒಬ್ಬರು ಅಪ್ಪ, ಇನ್ನೊಬ್ಬರು ಮರದ ಮಿಲ್ಲಿನ ಮಾಲೀಕರು. ಆ ನೀಲಗಿರಿಯೇ ಮಿಲ್ಲಿನ ಅನ್ನ. ಅಷ್ಟು ಹೊತ್ತು ಪುಟಪುಟಕ್ಕೂ ಕ್ಯಾತೆ ತೆಗೆಯುತ್ತಿದ್ದ ಮನುಷ್ಯ ಈಗ ಬಾಯಿಗೆ ಬೀಗ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಮೀಸೆಯಡಿ ನಗುತ್ತ ಕೂತರು. ಕೈ ಎತ್ತಿ ಮುಗಿಯಲಿ, ಆಮೇಲೆ ತಕರಾರು ತೆಗೆದರಾಯಿತು ಎಂಬ ಲೆಕ್ಕ. ಅಪ್ಪ ಆ ನಗುವನ್ನೂ ನೋಡಿದರು.

"ನನ್ನದೊಂದು ಆಕ್ಷೇಪಣೆ ಇದೆ," ಎಂದು ಎದ್ದು ನಿಂತರು.

"ಬಂತಪ್ಪಾ, ಮನೆ ಜಗಳ ಬೀದಿಗೆ," ಎಂದು ಹಿಂದಿನಿಂದ ಯಾರೋ ಗೊಣಗಿದರು. ಮಗಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೇಳಿ," ಅಂದಳು.

"ಮೇಡಂ, ಹಳೇ ಪ್ಯಾರಾ ಓದಲಿಲ್ಲ ನೀವು."

"ಅದು... ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅಂತ..."

"ಗೊತ್ತಿದ್ರೂ ಓದ್ಬೇಕು. ಬರೆದೋನ ಹೆಸರೂ ಸೇರಿಸಿ."

"ಅಪ್ಪಾ, ಬೇಡ." ಮೈಕಿನಿಂದ ಮುಖ ತಿರುಗಿಸಿಯೇ ಹೇಳಿದ್ದಳು. ಆದರೂ ಹಾಳು ಮೈಕು ಅದನ್ನು ಇಡೀ ಸಭೆಗೆ ಸಾರಿತು.

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರಲ್ಲ ಮೇಡಂ, ಅದು ನನ್ನ ಹೆಗ್ಗಣ," ಅಂದರು ಅಪ್ಪ. "ಹೊರಗೆ ಹಾಕೋಕೆ ಮುಂಚೆ ಒಂದ್ಸಲ ಎಲ್ಲರಿಗೂ ತೋರಿಸಿಬಿಡಿ."

ಸಭೆ ಗೊಳ್ಳೆಂದು ನಕ್ಕಿತು. ಮಿಲ್ಲಿನ ಮಾಲೀಕರು ಮಾತ್ರ ನಗಲಿಲ್ಲ. ಮೇಲಿದ್ದ ಕಾಲು ಕೆಳಗಿಳಿಯಿತು. "ಹೋಗ್ಲಿ ಬಿಡಿ ಸಾಹೇಬ್ರೇ, ಹಳೇದನ್ನೆಲ್ಲ ಯಾಕೆ ಕೆದಕೋದು? ಹೊತ್ತಾಯ್ತು," ಎಂದು ರಾಗ ಎಳೆದರು.

"ಈಗ ನಿಮಗೆ ಓದೋದು ಬೇಡ," ಅಂದರು ಅಪ್ಪ. "ಎಲ್ಲರೂ ಕೈ ಎತ್ತಿದ ಮೇಲೆ ಬೇಕಾಗುತ್ತೆ. ಅಲ್ವಾ?"

ಮಗಳಿಗೆ ಆಗ ಹೊಳೆಯಿತು. ಅಪ್ಪನ ಮಾನ ಉಳಿಸಲು ಹೋಗಿ ಹಳ್ಳವನ್ನೇ ಕಳೆಯುತ್ತಿದ್ದಳು. ಪುಟ ಹಿಂದಕ್ಕೆ ತಿರುಗಿಸಿ, ಅಪ್ಪನ ಹೆಸರನ್ನು ಸ್ಪಷ್ಟವಾಗಿ ಹೇಳಿ, ಓದಿದಳು. "ಹಳ್ಳದ ದಂಡೆಯ ನಾನಾ ಜಾತಿಯ ಮರಗಳು ನಿರುಪಯೋಗಿ. ಅವನ್ನು ಕಡಿದು ನೀಲಗಿರಿಯನ್ನು ಸಾಲಾಗಿ ನೆಡತಕ್ಕದ್ದು. ಇದರಿಂದ ಊರಿಗೆ ಶಾಶ್ವತ ಲಾಭ." ಶಾಶ್ವತ ಎಂಬಲ್ಲಿ ಯಾರೋ ಕಿಸಕ್ಕೆಂದರು. ಅಪ್ಪನ ಕಿವಿ ಕೆಂಪಾಯಿತು, ಆದರೆ ತಲೆ ತಗ್ಗಲಿಲ್ಲ. ಕೊನೆಯವರೆಗೂ ನಿಂತೇ ಕೇಳಿದರು.

ಆಮೇಲೆ ಅವಳು ಹೊಸದನ್ನು ಓದಿದಳು. ಈಗ ದನಿ ಗಟ್ಟಿಯಾಗಿತ್ತು. "ನೀಲಗಿರಿ ತೆಗೆದಲ್ಲಿ ನೆಲ ತಾನಾಗಿ ಚಿಗುರಲು ಬಿಡತಕ್ಕದ್ದು. ಏನು ಚಿಗುರಿತು, ಏನು ಚಿಗುರಲಿಲ್ಲ ಎಂಬುದನ್ನು ಪ್ರತಿ ವರ್ಷ ನೋಡಿ ಊರಿಗೆ ತಿಳಿಸತಕ್ಕದ್ದು. ನಮ್ಮ ಎಣಿಕೆ ತಪ್ಪಾಗಿದ್ದರೆ ತಿದ್ದತಕ್ಕದ್ದು." ಕೊನೆಯ ಸಾಲನ್ನು ಅಪ್ಪ ತಾವೂ ಒಮ್ಮೆ ಮೆಲ್ಲಗೆ ಹೇಳಿಕೊಂಡರು. ಅಷ್ಟು ವರ್ಷ ನೌಕರಿ ಮಾಡಿದರೂ ಅಂಥದೊಂದು ಸಾಲು ಬರೆಯುವ ಧೈರ್ಯ ಅವರಿಗೆ ಬಂದಿರಲಿಲ್ಲ. ಅದನ್ನು ಬರೆದವಳು ತನ್ನ ಮಗಳು ಎಂದು ಪಕ್ಕದವನ ಭುಜ ಹಿಡಿದು ಹೇಳಬೇಕೆನಿಸಿತು, ಹೇಳಿಯೂ ಬಿಟ್ಟರು. ಸಭೆಯ ಅಧ್ಯಕ್ಷರು "ಒಪ್ಪಿಗೆ ಇರುವವರು..." ಎನ್ನುವಷ್ಟರಲ್ಲಿ ಮೊದಲು ಮೇಲೆದ್ದದ್ದು ಅಪ್ಪನ ಕೈ. ಅದರ ಹಿಂದೆ ಸಭೆಯೇ ಕೈ ಎತ್ತಿತು.

ಎಲ್ಲರೂ ಹೋದ ಮೇಲೆ ಮಗಳು ಬಂದು ಪಕ್ಕದ ಕುರ್ಚಿಯಲ್ಲಿ ಕುಸಿದಳು.

"ನೋವಾಯ್ತಾ ಅಪ್ಪಾ?"

"ಆಯ್ತು. ಹುಳುಕು ಹಲ್ಲು ಕಿತ್ರೂ ನೋವಾಗುತ್ತಲ್ಲ." ಅಂಗಿಯ ತೋಳನ್ನು ನೇರ ಮಾಡಿಕೊಂಡರು. "ಇವತ್ತು ನನ್ನ ಹೆಸರು ಓದ್ತಾರೆ ಅಂತ ಗೊತ್ತಿತ್ತು. ಅದಕ್ಕೇ ಬೆಳಿಗ್ಗೆ ಕೂತು ಇಸ್ತ್ರಿ ಮಾಡ್ಕೊಂಡೆ."

ಅಪ್ಪ ಅವಳ ಕೈಯಲ್ಲಿದ್ದ ಹೊಸ ಹಾಳೆಯನ್ನು ಮೆಲ್ಲಗೆ ತಟ್ಟಿದರು.

"ಇದನ್ನೂ ಒಂದಿನ ಯಾರೋ ಓದಿ ಹೊಡೆದು ಹಾಕ್ತಾರೆ. ಆವತ್ತು ನೀನೂ ಒಳ್ಳೇ ಬಟ್ಟೆ ಹಾಕ್ಕೊಂಡು ಬಾ."